ವಾಹನ ಪ್ರಶ್ನೋತ್ತರ: ಪಿಕಪ್ ಟ್ರಕ್ಕಿಗೆ ಒಳ್ಳೆಯ ಸದ್ದು ಬರಿಸುವ ಬಗೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಈಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಡಲ್ಲಾಸ್ ಸಮೀಪದ ಫ್ರಿಸ್ಕೊದಲ್ಲಿ ನೆಲೆಸಿದ್ದೇನೆ. ನನ್ನ ಬಳಿ 2017ರ ಷೆವರ್ಲೆ ಸಿಲ್ವರಾಡೊ 1500 ಪಿಕಪ್ ಇದೆ, ಎಂಜಿನ್ 5.3 ಲೀಟರಿನ ವಿ8. ಎಂಟು ಸಿಲಿಂಡರಿನ ಗಾಡಿಯಾದರೂ ಅದರ ಸದ್ದು ತೀರಾ ಸಪ್ಪೆ. ಎಕ್ಸಾಸ್ಟ್ ಬದಲಾಯಿಸಿ, ಗಂಭೀರವಾದ ತುಂಬುದನಿ ಬರುವಂತೆ ಮಾಡಬೇಕೆಂಬ ಆಸೆಯಿದೆ. ಆದರೆ ದಿನವೂ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಕಚೇರಿಗೆ ಹೋಗಿಬರುತ್ತೇನೆ, ವಾರಾಂತ್ಯದಲ್ಲಿ ಹೆಂಡತಿ ಮಕ್ಕಳೂ ಜೊತೆಗಿರುತ್ತಾರೆ. ಸೈಲೆನ್ಸರನ್ನೇ ಕತ್ತರಿಸಿ ತೆಗೆಸಿ ನೇರ ಕೊಳವೆ ಹಾಕಿಸಿದರೆ ಅಗ್ಗದಲ್ಲಿ ಕೆಲಸ ಮುಗಿಯುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಅಂಗಡಿಗೆ ಹೋಗುವ ಮೊದಲು, ಹೆದ್ದಾರಿಯಲ್ಲಿ 70 ಮೈಲಿ ವೇಗದಲ್ಲಿರುವಾಗ ನಿಮ್ಮ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಟ್ಯಾಕೋಮೀಟರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮ ಮಾದರಿಯ ಗಾಡಿಯಲ್ಲಿ, ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತಕ್ಕೆ ತಕ್ಕಂತೆ, ಅದು ಸುಮಾರು 1,500ರಿಂದ 1,700ರ ನಡುವೆ ಇರಬೇಕು. ನೀವು ದಿನದ ಬಹುಪಾಲು ಕೇಳಲಿರುವುದು ಈ ಸುತ್ತುಗಳ ಸದ್ದನ್ನು. ಸಿಗ್ನಲ್ ಬಿಟ್ಟಾಗ ಹೊಮ್ಮುವ ಗರ್ಜನೆಯ ಆಯುಷ್ಯ ಕೆಲವೇ ಸೆಕೆಂಡು. ಹಾಗಾಗಿ ಎಕ್ಸಾಸ್ಟ್ ಆಯ್ಕೆ ಈ ಸಂಖ್ಯೆಯಿಂದಲೇ ಆರಂಭವಾಗಬೇಕು.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಎಂದರೆ ಎಂಟು ಸಿಲಿಂಡರಿಗೆ ಒಂದು ಸುತ್ತಿನಲ್ಲಿ ನಾಲ್ಕು ಸಿಡಿತ. ನಿಮಿಷಕ್ಕೆ 1,600 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 107 ಸಿಡಿತಗಳಾಗುತ್ತವೆ, ಅದೇ ಸದ್ದಿನ ಮುಖ್ಯ ಕಂಪನಾಂಕ. ನಿಮ್ಮ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಎಂಜಿನ್ನಿನ ಮೇಲೆ ಭಾರ ಕಡಿಮೆಯಿದ್ದಾಗ ಜನರಲ್ ಮೋಟಾರ್ಸ್‌ನ ಆಕ್ಟಿವ್ ಫ್ಯೂಯಲ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ ಇಂಧನ ಉಳಿಸಲೆಂದು ನಾಲ್ಕು ಸಿಲಿಂಡರುಗಳನ್ನು ಸುಮ್ಮನಾಗಿಸುತ್ತದೆ. ಆಗ ಕಂಪನಾಂಕ ಅರ್ಧಕ್ಕಿಳಿದು ಸುಮಾರು 53 ಆಗುತ್ತದೆ. ಮುಚ್ಚಿದ ಕ್ಯಾಬಿನ್ನಿನೊಳಗೆ ಇಷ್ಟು ಕೆಳಗಿನ ಸದ್ದು ಕಿವಿಗಿಂತ ಹೆಚ್ಚಾಗಿ ಎದೆಗೂ ತಲೆಗೂ ತಾಗುತ್ತದೆ. ಹೊರಗೆ ನಿಂತವರಿಗೆ ಅದರ ಸುಳಿವೂ ಇರುವುದಿಲ್ಲ. ಅಮೆರಿಕದ ಪಿಕಪ್ ಮಾಲೀಕರು ಡ್ರೋನ್ ಎಂದು ಗೊಣಗುವ ಮೊರೆತ ಇದೇ. ಹೊಸ ಎಕ್ಸಾಸ್ಟ್ ಹಾಕಿಸಿಕೊಂಡು ಕೆಲವೇ ದಿನಗಳಲ್ಲಿ ಹಳೆಯದನ್ನು ಮರಳಿ ಕೂರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಈ ಮೊರೆತಕ್ಕೆ ಸೋತವರು.

ಆದ್ದರಿಂದ ಸ್ನೇಹಿತರ ಸಲಹೆಯನ್ನು ವಿನಯದಿಂದ ಬದಿಗಿಡಿ. ಸೈಲೆನ್ಸರ್ ಪೂರ್ತಿ ತೆಗೆದರೆ ಎಲ್ಲ ಕಂಪನಾಂಕಗಳೂ ಒಟ್ಟಿಗೆ ಹೊರಬರುತ್ತವೆ; ನಿಮಗೆ ಬೇಕಾದ ಗಂಭೀರ ದನಿಯ ಜೊತೆಗೆ ಬೇಡದ ಮೊರೆತವೂ ಕರ್ಕಶವೂ ಸೇರಿಯೇ ಬರುತ್ತವೆ. ಅಲ್ಲದೆ ಟೆಕ್ಸಾಸಿನ ಸಾರಿಗೆ ಸಂಹಿತೆಯು ಸುಸ್ಥಿತಿಯಲ್ಲಿರುವ ಸೈಲೆನ್ಸರ್ ಇರಲೇಬೇಕೆಂದೂ, ಅದನ್ನು ತಪ್ಪಿಸಿ ಹೊಗೆ ಬಿಡುವ ಕಟ್‌ಔಟ್, ಬೈಪಾಸ್ ಮುಂತಾದವು ಇರಕೂಡದೆಂದೂ ಹೇಳುತ್ತದೆ. ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆ ಆ ರಾಜ್ಯದಲ್ಲಿ 2025ರ ಜನವರಿ 1ರಿಂದ ರದ್ದಾಗಿದೆಯಾದರೂ ಈ ನಿಯಮ ರದ್ದಾಗಿಲ್ಲ, ಮತ್ತು ನಿಮ್ಮ ಭಾಗದ ಕೌಂಟಿಗಳಲ್ಲಿ ಹೊಗೆ ಪರೀಕ್ಷೆ ಮುಂದುವರಿದಿದೆ.

ನಿಮಗೆ ಒಪ್ಪುವುದು ಕ್ಯಾಟ್-ಬ್ಯಾಕ್ ಎಂಬ ಜೋಡಣೆ. ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರುಗಳನ್ನು ಮುಟ್ಟದೆ, ಅವುಗಳ ಹಿಂದಿನ ಕೊಳವೆ, ಸೈಲೆನ್ಸರ್ ಮತ್ತು ಬಾಲಕೊಳವೆಯನ್ನು ಮಾತ್ರ ಬದಲಾಯಿಸುವ ಕ್ರಮವಿದು. ಕನ್ವರ್ಟರನ್ನು ತೆಗೆಯುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಯಡಿ ಅಪರಾಧವಾದ್ದರಿಂದ ಅದರ ಮುಂದಿನ ಭಾಗದ ತಂಟೆಗೆ ಹೋಗದಿರುವುದೇ ಲೇಸು.

ಇನ್ನು ಸೈಲೆನ್ಸರಿನ ವಿಚಾರ. ಹಣ ಎಷ್ಟೇ ಖರ್ಚಾಗಲಿ, ಸದ್ದಿನ ಗುಣವನ್ನು ನಿರ್ಧರಿಸುವುದು ಅದರ ಹೊಟ್ಟೆಯೊಳಗಿನ ರಚನೆ. ಮೊದಲನೆಯದು ಕೋಣೆಗಳುಳ್ಳ ಬಗೆ. ಫ್ಲೋಮಾಸ್ಟರ್ ಕಂಪನಿಯ 40 ಸರಣಿ ಇದರ ಹೆಸರಾಂತ ಉದಾಹರಣೆ. ಒಳಗೆ ಹತ್ತಿ, ಉಣ್ಣೆ ಏನೂ ಇರುವುದಿಲ್ಲ. ಉಕ್ಕಿನ ತಡೆಗೋಡೆಗಳಿಗೆ ಬಡಿದು ಹಿಂದಿರುಗಿದ ಅಲೆಗಳು ಮುಂದೆ ಬರುತ್ತಿರುವ ಅಲೆಗಳೊಡನೆ ಸೇರಿ ಕೆಲವು ಕಂಪನಾಂಕಗಳನ್ನು ಅಳಿಸುತ್ತವೆ, ಉಳಿದವನ್ನು ಬಿಡುತ್ತವೆ. ಹಳೆಯ ಅಮೆರಿಕನ್ ವಿ8 ಗಾಡಿಗಳ ಗುಡುಗುಡು ದನಿ ಇಷ್ಟಪಡುವವರು ಇದಕ್ಕೇ ಮೊದಲು ಕೈಹಾಕುತ್ತಾರೆ, ಮತ್ತು ಹೆದ್ದಾರಿಯ ಮೊರೆತದ ದೂರುಗಳೂ ಹೆಚ್ಚಾಗಿ ಇದರ ಮೇಲೆಯೇ ಬರುತ್ತವೆ. ಎರಡನೆಯದು ನೇರ ಹಾದಿಯ ಬಗೆ. ಮ್ಯಾಗ್ನಾಫ್ಲೋ ಕಂಪನಿಯ ಬಹುಪಾಲು ಸೈಲೆನ್ಸರುಗಳು ಈ ಜಾತಿಯವು. ನಡುವೆ ತೂತುತೂತಾದ ಕೊಳವೆ, ಅದರ ಸುತ್ತ ಸ್ಟೀಲ್ ಉಣ್ಣೆ ಅಥವಾ ಗಾಜಿನ ನಾರು. ಕರ್ಕಶವಾದ ಮೇಲಿನ ಕಂಪನಾಂಕಗಳನ್ನು ನಾರು ಹೀರಿಕೊಂಡು ದನಿಯನ್ನು ನಯಗೊಳಿಸುತ್ತದೆ. ಆದರೆ 53ರಂತಹ ಕೆಳಗಿನ ಕಂಪನಾಂಕವನ್ನು ಹೀರುವ ಶಕ್ತಿ ಅದಕ್ಕೆ ಕಡಿಮೆ. ಸೈಲೆನ್ಸರ್ ಉದ್ದವಾಗಿ, ದಪ್ಪವಾಗಿ ಇದ್ದಷ್ಟೂ ಫಲ ಹೆಚ್ಚು. ಹದಿನಾಲ್ಕು ಇಂಚಿನ ಸೈಲೆನ್ಸರಿಗಿಂತ ಇಪ್ಪತ್ತೆರಡು ಅಥವಾ ಇಪ್ಪತ್ತನಾಲ್ಕು ಇಂಚಿನದನ್ನು ಆರಿಸಿಕೊಂಡವರಿಗೆ ತಲೆನೋವು ಕಡಿಮೆ.

ಮೂರನೆಯದು ಮೊರೆತವನ್ನೇ ಗುರಿಯಿಟ್ಟು ಅಳಿಸುವ ಬಗೆ. ಕೋರ್ಸಾ ಕಂಪನಿಯವರು ಸೈಲೆನ್ಸರಿನೊಳಗೇ ಇಂತಹ ಏರ್ಪಾಡು ಮಾಡುತ್ತಾರೆ. ಬೇರೆಯವರು ಮುಖ್ಯ ಕೊಳವೆಯ ಪಕ್ಕಕ್ಕೆ, ತುದಿ ಮುಚ್ಚಿದ ಒಂದು ಕುರುಡು ಕೊಳವೆಯನ್ನು ಬೆಸೆಯುತ್ತಾರೆ. ಖಾಲಿ ಸೀಸೆಯ ಬಾಯಿಗೆ ಊದಿದಾಗ ಒಂದೇ ಸ್ವರ ಬರುವಂತೆ ಈ ಕೊಳವೆಯೂ ತನ್ನ ಉದ್ದಕ್ಕೆ ತಕ್ಕ ಒಂದೇ ಕಂಪನಾಂಕಕ್ಕೆ ಸ್ಪಂದಿಸುತ್ತದೆ, ಅಲೆಯನ್ನು ಅರ್ಧ ಅಲೆಯಷ್ಟು ತಡಮಾಡಿ ಹಿಂದಿರುಗಿಸಿ ಅದನ್ನು ಅಳಿಸುತ್ತದೆ. ಲೆಕ್ಕ ಸರಳವಾಗಿದೆ: ಬಿಸಿ ಹೊಗೆಯಲ್ಲಿ ಸದ್ದಿನ ವೇಗವನ್ನು ಕಂಪನಾಂಕದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಕೊಳವೆಯ ಉದ್ದ ಸಿಗುತ್ತದೆ. ಹೊಗೆ 200 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 436 ಮೀಟರ್. ಅದರಂತೆ 107ರ ಕಂಪನಾಂಕಕ್ಕೆ ಸರಿಸುಮಾರು ಒಂದು ಮೀಟರ್ ಉದ್ದದ ಕೊಳವೆ ಸಾಕು, ಟ್ರಕ್ಕಿನ ಚಾಸಿಯ ಕೆಳಗೆ ಅದಕ್ಕೆ ಜಾಗವೂ ಇದೆ. ಆದರೆ 53ಕ್ಕೆ ಎರಡು ಮೀಟರ್ ಬೇಕಾಗುತ್ತದೆ, ಅದನ್ನು ತೂಗುಹಾಕುವುದು ಸುಲಭವಲ್ಲ. ಆದ್ದರಿಂದ ನಿಮ್ಮಂತಹ ಗಾಡಿ ಇಟ್ಟುಕೊಂಡವರು, ದೋಷ ಪತ್ತೆಗೆಂದು ಡ್ಯಾಶ್‌ಬೋರ್ಡಿನ ಕೆಳಗಿರುವ ಒಬಿಡಿ ಕಿಂಡಿಗೆ ಚುಚ್ಚುವ ಒಂದು ಸಾಧನದಿಂದ ಸಿಲಿಂಡರ್ ಸುಮ್ಮನಾಗದಂತೆ ತಡೆಯುವುದುಂಟು. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ. ಮೊರೆತ ಮಾತ್ರ ಮುಕ್ಕಾಲು ಪಾಲು ಇಲ್ಲವಾಗುತ್ತದೆ.

ಎರಡೂ ಬದಿಯಿಂದ ಪ್ರತ್ಯೇಕ ಕೊಳವೆ ತರುವ ಆಲೋಚನೆಯನ್ನೂ ಅಂಗಡಿಯವರು ನಿಮ್ಮ ಮುಂದಿಡಬಹುದು. ನಿಮ್ಮ ಎಂಜಿನ್ನಿನ ಸಿಡಿತದ ಕ್ರಮ 1-8-7-2-6-5-4-3. ಬೆಸ ಸಂಖ್ಯೆಗಳು ಎಡಬದಿಯ ಸಿಲಿಂಡರುಗಳು, ಸಮ ಸಂಖ್ಯೆಗಳು ಬಲಬದಿಯವು. ಬಿಡಿಸಿ ನೋಡಿದರೆ ಎರಡು ಮತ್ತು ಆರು ಒಂದರ ಹಿಂದೊಂದು ಬಲಬದಿಯಲ್ಲೇ ಸಿಡಿಯುತ್ತವೆ, ಮೂರು ಮತ್ತು ಒಂದು ಎಡಬದಿಯಲ್ಲೇ ಸಿಡಿಯುತ್ತವೆ. ಅಮೆರಿಕನ್ ವಿ8ನ ತಾಳತಪ್ಪಿದಂತೆ ಕೇಳುವ ಆ ಪ್ರಸಿದ್ಧ ಗುಡುಗಿಗೆ ಈ ಅಸಮತೆಯೇ ಕಾರಣ. ಎರಡು ಕೊಳವೆಗಳು ಪೂರ್ತಿ ಬೇರೆಯಾಗಿದ್ದರೆ ಅಸಮತೆ ಢಾಳಾಗಿ ಕೇಳುತ್ತದೆ. ನಡುವೆ ಅಡ್ಡಕೊಳವೆಯಿಟ್ಟು ಇಂಗ್ಲಿಷಿನ ಎಚ್ ಆಕಾರದಲ್ಲಿ ಜೋಡಿಸಿದರೆ ದನಿ ಆಳವಾಗುತ್ತದೆ. ಎಕ್ಸ್ ಆಕಾರದಲ್ಲಿ ಕೂಡಿಸಿದರೆ ಅಲೆಗಳು ಹೆಚ್ಚು ಬೆರೆತು ದನಿ ತುಸು ಮೇಲಕ್ಕೇರಿ ನುಣುಪಾಗುತ್ತದೆ. ಆದರೆ ನಿಮ್ಮ ಟ್ರಕ್ಕಿನಲ್ಲಿ ಕನ್ವರ್ಟರುಗಳ ಹಿಂದೆಯೇ ಎರಡೂ ಬದಿಯ ಕೊಳವೆಗಳು ಕೂಡಿ ಒಂದಾಗುತ್ತವೆ. ಈ ಕೂಡುಕೊಳವೆಯನ್ನು ಬದಲಾಯಿಸದೆ, ಸೈಲೆನ್ಸರಿನ ಹಿಂದೆ ಎರಡು ಬಾಲ ಇಳಿಬಿಟ್ಟರೆ ನೋಟ ಬದಲಾಗುತ್ತದೆಯೇ ಹೊರತು ದನಿ ಅಷ್ಟೇನೂ ಬದಲಾಗುವುದಿಲ್ಲ. ಆ ಹಣವನ್ನು ದೊಡ್ಡ ಸೈಲೆನ್ಸರಿಗೆ ಹಾಕಿ.

ಕೊಳವೆಯ ವ್ಯಾಸ ಮೂರು ಇಂಚಿಗೆ ನಿಲ್ಲಲಿ. ಅದಕ್ಕಿಂತ ದಪ್ಪವಾದರೆ ಹೊಗೆಯ ವೇಗ ತಗ್ಗುತ್ತದೆ, ಕೆಳಸುತ್ತಿನಲ್ಲಿ ಎಳೆಯುವ ಶಕ್ತಿಗೆ ಅದರಿಂದ ಲಾಭವಿಲ್ಲ. ಅಶ್ವಶಕ್ತಿ ಬಹಳ ಹೆಚ್ಚುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಇಂತಹ ಗಾಡಿಯಲ್ಲಿ ಕ್ಯಾಟ್-ಬ್ಯಾಕಿನಿಂದ ಸಿಗುವ ಹೆಚ್ಚಳ ಕಾಲಡಿಯ ಪೆಡಲಿಗೆ ತಿಳಿಯುವಷ್ಟು ಇರುವುದಿಲ್ಲ. ಮೊಬೈಲಿನಲ್ಲಿ ಚಿತ್ರಿಸಿದ ವೀಡಿಯೊ ಕೇಳಿ ಆಯ್ಕೆ ಮಾಡುವುದೂ ಸಲ್ಲ, ಏಕೆಂದರೆ 53ರ ಕಂಪನಾಂಕವನ್ನು ಮೊಬೈಲಿನ ಸ್ಪೀಕರ್ ಹೊರಡಿಸಲಾರದು. ನಿಮ್ಮದೇ ಎಂಜಿನ್ನಿಗೆ ಅದೇ ಸೈಲೆನ್ಸರ್ ಹಾಕಿಸಿಕೊಂಡವರನ್ನು ಹುಡುಕಿ, ಅವರ ಗಾಡಿಯಲ್ಲಿ ಕಿಟಕಿ ಮುಚ್ಚಿ ಹೆದ್ದಾರಿಯಲ್ಲಿ ಹೋಗಿಬನ್ನಿ. ಮಕ್ಕಳು ಕೂರುವ ಹಿಂದಿನ ಸೀಟಿನಲ್ಲಿ ಕುಳಿತು ಕೇಳುವುದು ಇನ್ನೂ ಒಳ್ಳೆಯದು.

ಕೂರಿಸುವಾಗ ಗಮನಿಸಬೇಕಾದದ್ದು ಇಷ್ಟು. ಹಳೆಯ ರಬ್ಬರ್ ಹ್ಯಾಂಗರುಗಳಿಗೆ ಸೋಪಿನ ನೀರು ಸವರಿದರೆ ಕಡ್ಡಿಗಳು ಸುಲಭವಾಗಿ ಜಾರುತ್ತವೆ. ಎಲ್ಲ ಕ್ಲ್ಯಾಂಪುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಕೊಳವೆ ಆಕ್ಸಲ್ಲಿಗೂ ಬಿಡಿ ಚಕ್ರಕ್ಕೂ ತಾಗದಂತೆ ತಿರುಗಿಸಿ ಹೊಂದಿಸಿದ ಬಳಿಕ ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಸಬೇಕು. ಬಾಲಕೊಳವೆಯ ತುದಿ ಗಾಡಿಯ ಅಂಚನ್ನು ದಾಟಿ ಹೊರಗೆ ಬರಲೇಬೇಕು. ಸರಕು ತೊಟ್ಟಿಯ ಅಡಿಯಲ್ಲೇ ಅದು ಕೊನೆಗೊಂಡರೆ ಇಂಗಾಲದ ಮಾನಾಕ್ಸೈಡ್ ಕ್ಯಾಬಿನ್ನಿಗೆ ನುಸುಳಬಹುದು, ಅದಕ್ಕೆ ವಾಸನೆಯೂ ಇಲ್ಲ. ಮೊದಲ ಸಲ ಎಂಜಿನ್ ಬಿಸಿಯಾದಾಗ ಕೊಳವೆಯಿಂದ ಬಿಳಿ ಹೊಗೆ ಏಳುತ್ತದೆ. ಅದು ತಯಾರಿಕೆಯ ಎಣ್ಣೆ ಉರಿಯುವುದಾದ್ದರಿಂದ ಗಾಬರಿಯಾಗಬೇಡಿ.

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹೊಸ ಎಕ್ಸಾಸ್ಟಿಗೆ ಯಾವ ಉಕ್ಕು ಒಳ್ಳೆಯದು? ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ.

ಉತ್ತರ: ಉಪ್ಪಿನ ನಾಡಿನಲ್ಲಿ ಗಾಡಿಯನ್ನು ಬಹುಕಾಲ ಇಟ್ಟುಕೊಳ್ಳುವುದಾದರೆ 304 ದರ್ಜೆಯ ಸ್ಟೇನ್‌ಲೆಸ್ ಕೊಳ್ಳಿ. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 409 ದರ್ಜೆಯಲ್ಲಿ ಕ್ರೋಮಿಯಂ 11 ಪಾಲಿನ ಸುತ್ತ ಮಾತ್ರ; ಮೇಲೆ ಕಂದು ತುಕ್ಕು ಕಾಣಿಸಿಕೊಂಡರೂ ತೂತು ಬೀಳಲು ಬಹಳ ಕಾಲ ಹಿಡಿಯುವುದರಿಂದ ಅದೂ ಕೆಟ್ಟದ್ದಲ್ಲ, ಗಾಡಿ ಕಂಪನಿಗಳು ಬಳಸುವುದೂ ಹೆಚ್ಚಾಗಿ ಅದನ್ನೇ. ಅಲ್ಯೂಮಿನಿಯಂ ಲೇಪಿತ ಉಕ್ಕು ಅಗ್ಗ. ಆದರೆ ಬೆಸುಗೆ ಬಿದ್ದ ಕಡೆ ಲೇಪ ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಹೊರಡುತ್ತದೆ. ಮಾರುವವರ ಮಾತಿನಲ್ಲಿ ಅನುಮಾನ ಬಂದರೆ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. 409ಕ್ಕೆ ಅದು ಅಂಟಿಕೊಳ್ಳುತ್ತದೆ, 304ಕ್ಕೆ ಅಂಟುವುದಿಲ್ಲ. ಬಾಗಿದ ಕಡೆ ತುಸು ಸೆಳೆದರೂ ಸೆಳೆಯಬಹುದು, ಆದ್ದರಿಂದ ನೇರವಾದ ಕಡೆ ಇಟ್ಟು ನೋಡಿ.

ತುಕ್ಕು ಹೊರಗಿನ ಉಪ್ಪಿನಿಂದಷ್ಟೇ ಬರುವುದಿಲ್ಲ. ಒಂದು ಗ್ಯಾಲನ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹೊರಬರುತ್ತದೆ. ಹತ್ತಿರದ ಅಂಗಡಿಗೆ ಹೋಗಿಬರುವಂತಹ ಚಿಕ್ಕ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಕಾಯುವ ಮೊದಲೇ ಎಂಜಿನ್ ನಿಲ್ಲುವುದರಿಂದ ಆ ನೀರು ಒಳಗೇ ನಿಂತು ಕೊರೆಯತೊಡಗುತ್ತದೆ. ಕೆಲವು ಸೈಲೆನ್ಸರುಗಳ ತಳದಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ತೂತು ಇರುತ್ತದೆ, ಅದು ಈ ನೀರು ಇಳಿಯಲೆಂದು ಬಿಟ್ಟದ್ದು. ಸೋರುತ್ತಿದೆ ಎಂದು ತಿಳಿದು ಬೆಸುಗೆ ಹಾಕಿಸಿಬಿಡಬೇಡಿ.

ಪ್ರಶ್ನೆ: ನನ್ನದು ಫೋರ್ಡ್ ಎಫ್-150, 3.5 ಲೀಟರ್ ಇಕೋಬೂಸ್ಟ್ ವಿ6. ಎಕ್ಸಾಸ್ಟ್ ಬದಲಾಯಿಸಿದರೆ ವಿ8ನಂತೆ ಕೇಳಿಸುತ್ತದೆಯೇ? ವಾರಂಟಿ ಇನ್ನೂ ಇದೆ.

ಉತ್ತರ: ಇಲ್ಲ. ನಿಮ್ಮ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಮೂರು ಸಿಡಿತ, ಅದೂ ಸಮಾನ ಅಂತರದಲ್ಲಿ. ವಿ8ನ ಅಸಮ ತಾಳ ಅದರೊಳಗೇ ಇಲ್ಲದಿರುವಾಗ ಕೊಳವೆ ಅದನ್ನು ಎಲ್ಲಿಂದ ತಂದೀತು? ಜೊತೆಗೆ ಎರಡು ಟರ್ಬೊಗಳು ಹೊಗೆಯ ಅಲೆಗಳಿಂದ ಶಕ್ತಿ ಹೀರಿ ಸದ್ದನ್ನು ಮೊದಲೇ ತಗ್ಗಿಸಿರುತ್ತವೆ. ಇದೇ ಕಾರಣಕ್ಕೆ ನಿಮ್ಮ ಗಾಡಿಗೆ ಸಾಕಷ್ಟು ತೆರೆದ ಸೈಲೆನ್ಸರ್ ಹಾಕಿಸಿದರೂ ಮೊರೆತದ ಕಾಟ ಕಡಿಮೆ, ಟರ್ಬೊದ ಸಿಳ್ಳೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಅದನ್ನು ಅದರದೇ ದನಿಯೆಂದು ಮೆಚ್ಚುವುದಾದರೆ ಹಾಕಿಸಿ.

ಇಕೋಬೂಸ್ಟ್ ಗಾಡಿಗಳಲ್ಲಿ ಎಂಜಿನ್ ಸದ್ದಿನ ಒಂದು ಭಾಗವನ್ನು ಫೋರ್ಡ್ ಕಂಪನಿಯವರು ಕ್ಯಾಬಿನ್ನಿನ ಸ್ಪೀಕರುಗಳಿಂದಲೇ ಹೊರಡಿಸಿದ್ದುಂಟು. ಬೇಡದ ಮೊರೆತವನ್ನು ಮೈಕ್ರೊಫೋನುಗಳಿಂದ ಹಿಡಿದು, ಸ್ಪೀಕರಿನಿಂದ ಎದುರಲೆ ಬಿಟ್ಟು ಅಳಿಸುವ ಕೆಲಸವನ್ನೂ ಅದೇ ವ್ಯವಸ್ಥೆ ಮಾಡುತ್ತದೆ. ಈ ವ್ಯವಸ್ಥೆಯನ್ನು ಕಾರ್ಖಾನೆಯ ಸೈಲೆನ್ಸರಿಗೆ ಹೊಂದಿಸಿರುವುದರಿಂದ, ಹೊಸ ಎಕ್ಸಾಸ್ಟ್ ಹಾಕಿಸಿದ ಮೇಲೆ ಕ್ಯಾಬಿನ್ನಿನಲ್ಲಿ ವಿಚಿತ್ರವಾದ ಗುಂಯ್ ಸದ್ದು ಕೇಳಿಸಿದರೆ ಸೈಲೆನ್ಸರನ್ನು ದೂರುವ ಮೊದಲು ಇದನ್ನು ಪರೀಕ್ಷಿಸಿ. ವಾರಂಟಿಯ ಬಗ್ಗೆ ಹೇಳುವುದಾದರೆ, 1975ರ ಮ್ಯಾಗ್ನೂಸನ್-ಮಾಸ್ ಕಾಯ್ದೆಯ ಪ್ರಕಾರ, ಹೊರಗಿನ ಬಿಡಿಭಾಗ ಹಾಕಿಸಿದ್ದೀರೆಂಬ ಒಂದೇ ಕಾರಣಕ್ಕೆ ಕಂಪನಿಯವರು ಇಡೀ ವಾರಂಟಿಯನ್ನು ನಿರಾಕರಿಸುವಂತಿಲ್ಲ. ಕೆಟ್ಟುಹೋದದ್ದು ಆ ಬಿಡಿಭಾಗದಿಂದಲೇ ಎಂದು ತೋರಿಸಬೇಕಾಗುತ್ತದೆ. ಹೊಸ ಎಕ್ಸಾಸ್ಟಿಗೆ ಮಾತ್ರ ಫೋರ್ಡ್ ಹೊಣೆಯಲ್ಲ. ಹಳೆಯದನ್ನು ಗುಜರಿಗೆ ಹಾಕದೆ ಗ್ಯಾರೇಜಿನಲ್ಲಿ ಇಟ್ಟುಕೊಂಡಿರಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಳೆಯ ರ‍್ಯಾಮ್ 1500 ಹೆಮಿ ವಿ8 ಕೊಂಡೆ. ಹಿಂದಿನ ಮಾಲೀಕರು ಸೈಲೆನ್ಸರ್ ತೆಗೆಸಿದ್ದಾರೆ. 95 ಡೆಸಿಬಲ್‌ವರೆಗೆ ಅನುಮತಿಯಿದೆ ಎಂದು ಅವರ ವಾದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಎಂಬ ಸದ್ದೂ ಬರುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ.

ಉತ್ತರ: ಅವರು ನೆಚ್ಚಿಕೊಂಡಿರುವ 95 ಡೆಸಿಬಲ್ ಮಿತಿ, ಸರಕು, ಸವಾರರು ಸೇರಿ ಇರಬಹುದಾದ ಗರಿಷ್ಠ ಒಟ್ಟು ತೂಕವನ್ನು ತಯಾರಕರು 6,000 ಪೌಂಡಿಗಿಂತ ಕಡಿಮೆ ನಿಗದಿಪಡಿಸಿರುವ ವಾಹನಗಳಿಗೆ ಅನ್ವಯಿಸುವಂಥದ್ದು. ಚಾಲಕನ ಬಾಗಿಲು ತೆರೆದು ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನು ಓದಿ. ನಿಮ್ಮ ರ‍್ಯಾಮಿನ ಅಂಕಿ ಅದನ್ನು ಮೀರಿರುವ ಸಾಧ್ಯತೆಯೇ ಹೆಚ್ಚು. ಅದು ಹೇಗೇ ಇರಲಿ, ಸರಿಯಾದ ಸೈಲೆನ್ಸರ್ ಇರಬೇಕೆಂಬ ನಿಯಮ ಎಲ್ಲ ಗಾಡಿಗಳಿಗೂ ಇದೆ, ನಿಮ್ಮದರಲ್ಲಿ ಸೈಲೆನ್ಸರೇ ಇಲ್ಲ. ದಂಡದ ಚೀಟಿ ಕೈಗೆ ಬರುವ ಮೊದಲು ಉದ್ದನೆಯ ನೇರ ಹಾದಿಯ ಸೈಲೆನ್ಸರ್ ಒಂದನ್ನು ಬೆಸೆಸಿಕೊಳ್ಳಿ. ಹೆಮಿಯ ಗಂಭೀರ ದನಿ ಅದರಿಂದ ಸತ್ತುಹೋಗುವುದಿಲ್ಲ.

ಟಕಟಕ ಸದ್ದಿಗೂ ಸೈಲೆನ್ಸರಿಗೂ ಸಂಬಂಧವಿಲ್ಲ. ಈ ಎಂಜಿನ್ನಿನಲ್ಲಿ, ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟುಗಳು ತುಂಡಾಗುವುದು ಸಾಮಾನ್ಯ, ಅದರಲ್ಲೂ ಹಿಂಬದಿಯ ಮೂಲೆಯವು. ತಣ್ಣಗಿದ್ದಾಗ ಸಂದಿನಿಂದ ಹೊಗೆ ಸೋರಿ ಟಕಟಕಿಸುತ್ತದೆ, ಲೋಹ ಕಾದು ಹಿಗ್ಗಿದ ಮೇಲೆ ಸಂದು ಮುಚ್ಚಿಕೊಳ್ಳುತ್ತದೆ. ಟಾರ್ಚ್ ಹಿಡಿದು ಸಂದಿನ ಬಳಿ ಕಪ್ಪು ಮಸಿಯ ಗೀರು ಇದೆಯೇ ನೋಡಿ. ಬಿಸಿಯಾದ ಮೇಲೂ ಸದ್ದು ಮುಂದುವರಿದರೆ ಮಾತ್ರ ಎಂಜಿನ್ನಿನೊಳಗೆ ಕವಾಟಗಳನ್ನು ತೆರೆಯಿಸುವ ಲಿಫ್ಟರುಗಳ ಮೇಲೆ ಅನುಮಾನ ಪಡಬೇಕು.

ಪ್ರಶ್ನೆ: ನಾನು ಚಿಕ್ಕಮಗಳೂರಿನ ಕಾಫಿ ಬೆಳೆಗಾರ. ನಮ್ಮಲ್ಲಿ ಬಿಎಸ್6 ಇಸುಜು ವಿ-ಕ್ರಾಸ್ ಡೀಸೆಲ್ ಇದೆ. ಅಮೆರಿಕದ ಪಿಕಪ್ಪುಗಳಂತೆ ಸದ್ದು ಬರಬೇಕೆಂದು ಮಗ ಡಿಪಿಎಫ್ ಮತ್ತು ಸೈಲೆನ್ಸರ್ ತೆಗೆಸುವ ಮಾತಾಡುತ್ತಿದ್ದಾನೆ.

ಉತ್ತರ: ಮಗನಿಗೆ ತಿಳಿಹೇಳಿ, ಆ ಸದ್ದು ನಿಮ್ಮ ಗಾಡಿಯಲ್ಲಿ ಯಾವ ರೀತಿಯಿಂದಲೂ ಬರುವುದಿಲ್ಲ. ನಿಮ್ಮದು 1.9 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್. ಡೀಸೆಲಿನ ಕಟಕಟ ಸದ್ದು ಹೊರಡುವುದು ಹೆಚ್ಚಾಗಿ ಎಂಜಿನ್ನಿನ ಮೈಯಿಂದಲೇ. ಕೊಳವೆ ತೆರೆದರೆ ಅದಕ್ಕೆ ಟರ್ಬೊದ ಬುಸುಗುಟ್ಟುವಿಕೆ ಸೇರಿಕೊಳ್ಳುತ್ತದೆ ಅಷ್ಟೆ.

ಡಿಪಿಎಫ್ ಎಂಬುದು ಮಸಿಯನ್ನು ಹಿಡಿದಿಟ್ಟು, ಆಗಾಗ 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಸುಟ್ಟುಹಾಕುವ ಜರಡಿ. ಅದರ ಮುಂದೆ ಹಿಂದೆ ಇರುವ ಒತ್ತಡದ ವ್ಯತ್ಯಾಸವನ್ನು ಗಾಡಿಯ ಕಂಪ್ಯೂಟರ್ ಸದಾ ಅಳೆಯುತ್ತಿರುತ್ತದೆ. ಜರಡಿ ತೆಗೆದರೆ ಎಚ್ಚರಿಕೆಯ ದೀಪ ಹತ್ತಿ ಎಂಜಿನ್ ಶಕ್ತಿ ತಗ್ಗಿಸಿಕೊಳ್ಳುತ್ತದೆ, ಘಾಟಿಯ ನಡುವೆ ಹಾಗಾದರೆ ಗತಿಯೇನು? ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ತಂತ್ರಾಂಶ ತಿದ್ದುವವರೂ ಇದ್ದಾರೆ. ಅಲ್ಲಿಗೆ ವಾರಂಟಿ ಹೋಯಿತು, ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯ ಉಳಿಯಿತು.

ಕಾನೂನಿನಲ್ಲೂ ಅವಕಾಶವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಸೈಲೆನ್ಸರನ್ನು ಕಡ್ಡಾಯ ಮಾಡುತ್ತದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೆಯ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು, ಮೂರು ತಿಂಗಳು ಲೈಸೆನ್ಸೂ ಅನರ್ಹವಾಗುತ್ತದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬೈಕುಗಳ ಮಾರ್ಪಡಿಸಿದ ಸೈಲೆನ್ಸರುಗಳನ್ನು ನಡುರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ್ದನ್ನು ನಿಮ್ಮ ಮಗನೂ ನೋಡಿರಬೇಕು.

ಈಗಿನ ಸದ್ದೇ ಹಿತವಿಲ್ಲ ಎನ್ನುವುದಾದರೆ ಬೇರೊಂದು ಪರೀಕ್ಷೆ ಮಾಡಿ. ಎಸ್ಟೇಟಿನ ಕಲ್ಲುದಾರಿಯಲ್ಲಿ ಓಡಾಡುವ ಗಾಡಿಗಳಲ್ಲಿ ಕೊಳವೆಯ ಮೇಲಿನ ಶಾಖತಡೆಯ ತಗಡು ಸಡಿಲಗೊಂಡು ಗಿಲಗಿಲ ಎನ್ನುವುದು, ರಬ್ಬರ್ ಹ್ಯಾಂಗರ್ ಹರಿದು ಕೊಳವೆ ಚಾಸಿಗೆ ಬಡಿಯುವುದು ತೀರಾ ಸಾಮಾನ್ಯ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಕೊಳವೆಯನ್ನು ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಸಡಿಲವಾದ ಜಾಗ ತಾನಾಗಿ ಸದ್ದು ಮಾಡುತ್ತದೆ. ತಗಡಿನ ಬೋಲ್ಟು ತುಕ್ಕು ಹಿಡಿದು ಮುರಿದಿದ್ದರೆ ದೊಡ್ಡ ಸ್ಟೇನ್‌ಲೆಸ್ ಹೋಸ್ ಕ್ಲಿಪ್ಪೊಂದನ್ನು ಸುತ್ತಿ ಬಿಗಿಸಿ; ಹ್ಯಾಂಗರ್ ಹರಿದಿದ್ದರೆ ಆ ಸಾಲಿನ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿಬಿಡಿ.